ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಿದರೆ ಯಾವ ಸ ಸಿಗುತ್ತದೆ?

ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂನಲ್ಲಿ ಒಂದು ಸೌಂಡ್ ಗಾರ್ಡನ್ ಇದೆ. ಅಲ್ಲಿನ ವಾದ್ಯಗಳನ್ನು ಬಂದವರೇ ಮುಟ್ಟಿ, ಬಾರಿಸಿ ನೋಡಬಹುದು. ಇಂಥ ಜಾಗಗಳಿಗೆ ಲೋಹದ ಪಟ್ಟಿ, ತೂಗು ಕೊಳವೆ ಚೆನ್ನಾಗಿ ಒಗ್ಗುತ್ತವೆ. ತಂತಿಯಂತೆ ಪದೇ ಪದೇ ಶ್ರುತಿ ಮಾಡಬೇಕಿಲ್ಲ. ಮಕ್ಕಳು ಜೋರಾಗಿ ಹೊಡೆದರೂ ನಡೆಯುತ್ತದೆ. ಅವುಗಳ ಅಳತೆಯ ಲೆಕ್ಕ ಇಲ್ಲಿದೆ.

ವೀಣೆ ಗೊತ್ತಿರುವವರಿಗೇ ಇಲ್ಲಿ ಗೊಂದಲ ಜಾಸ್ತಿ. ವೀಣೆಯ 12ನೇ ಮೆಟ್ಟು ಇರುವುದು ತಂತಿಯ ಸುಮಾರು ಅರ್ಧಕ್ಕೆ. ಸಾರಣಿ ತಂತಿಯನ್ನು (ಸ್ವರ ನುಡಿಸುವ ಮುಖ್ಯ ತಂತಿ) ಅಲ್ಲಿ ಒತ್ತಿ ಮೀಟಿದರೆ ಮೇಲಿನ ಸ, ಅಂದರೆ ಒಂದು ಸ್ಥಾಯಿ ಮೇಲೆ. ಆದರೆ 60 ಸೆಂ.ಮೀ. ಪಟ್ಟಿಯನ್ನು 30ಕ್ಕೆ ಕತ್ತರಿಸಿದರೆ ಸ್ವರ ಒಂದಲ್ಲ, ಎರಡು ಸ್ಥಾಯಿ ಏರುತ್ತದೆ!

ಯಾಕೆ? ನಿಧಾನವಾಗಿ ನೋಡೋಣ. ಎಳೆದು ಕಟ್ಟಿದ ತಂತಿಯಲ್ಲಿ ಅಲೆ ಚಿಕ್ಕದಿರಲಿ, ದೊಡ್ಡದಿರಲಿ, ಓಡುವ ವೇಗ ಒಂದೇ. ದಾರಿ ಅರ್ಧವಾದರೆ ಸಮಯವೂ ಅರ್ಧ, ಕಂಪನ ಎರಡು ಪಟ್ಟು. ಪಟ್ಟಿಯನ್ನು ಯಾರೂ ಎಳೆದು ಕಟ್ಟಿಲ್ಲ. ಅದು ಬಾಗುತ್ತದೆ, ತನ್ನ ಪೆಡಸುತನದಿಂದಲೇ ವಾಪಸ್ ಬರುತ್ತದೆ. ಇಲ್ಲಿ ಅಲೆ ಚಿಕ್ಕದಾದಷ್ಟೂ ವೇಗ ಹೆಚ್ಚು. ಅಂದರೆ ಪಟ್ಟಿ ಅರ್ಧವಾದಾಗ ದಾರಿಯೂ ಅರ್ಧವಾಯಿತು, ಅದರ ಮೇಲೆ ವೇಗ ಎರಡು ಪಟ್ಟಾಯಿತು. ಸಮಯ ಕಾಲು ಭಾಗಕ್ಕೆ ಇಳಿದು ಕಂಪನ ನಾಲ್ಕು ಪಟ್ಟಾಯಿತು. ಕಂಪನ ಎರಡು ಪಟ್ಟಾದರೆ ಒಂದು ಸ್ಥಾಯಿ. ನಾಲ್ಕು ಪಟ್ಟು ಅಂದರೆ ಎರಡು ಸ್ಥಾಯಿ, ಅಲ್ವಾ?

ಆದ್ದರಿಂದ ಮೇಲಿನ ಸ ಬೇಕಾದರೆ 60 ಅನ್ನು 2ರ ವರ್ಗಮೂಲದಿಂದ ಭಾಗಿಸಬೇಕು. 42.4 ಸೆಂ.ಮೀ. ಬರುತ್ತದೆ. ‘ಪ’ ಸ್ವರದ ಕಂಪನ ‘ಸ’ ಸ್ವರದ ಒಂದೂವರೆ ಪಟ್ಟು, ಹಾಗಾಗಿ ಅದು ಬೇಕಾದರೆ 1.5ರ ವರ್ಗಮೂಲದಿಂದ. ಹೀಗೆ ಮೋಹನ ರಾಗಕ್ಕೆ ಸ 60, ರಿ 56.6, ಗ 53.7, ಪ 49, ದ 46.5, ಮೇಲಿನ ಸ 42.4. ಲೋಹ, ದಪ್ಪ ಎರಡೂ ಎಲ್ಲ ಪಟ್ಟಿಗೂ ಒಂದೇ ಇರಲಿ. ದಪ್ಪ ಹೆಚ್ಚಿದರೆ ಸ್ವರವೂ ಏರುತ್ತದೆ. ಅಗಲದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಮೋಹನವನ್ನು ಸುಮ್ನೆ ಆರಿಸಿದ್ದಲ್ಲ. ಐದೇ ಸ್ವರ, ಯಾವ ಎರಡೂ ತೀರಾ ಹತ್ತಿರ ಇಲ್ಲ. ಸಂಗೀತ ಬಾರದ ನಾಲ್ಕು ಜನ ಒಟ್ಟಿಗೆ ಬಾರಿಸಿದರೂ ಕಿವಿಗೆ ಹಿತ. ಮ್ಯೂಸಿಯಂಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣುತ್ತಿಲ್ಲ.

ಇನ್ನು ಪಟ್ಟಿಗೆ ಆಸರೆ ಕೊಡುವ ಜಾಗ. ಎರಡೂ ತುದಿಯಿಂದ ಉದ್ದದ 22.4%, ಅಂದರೆ 60ಕ್ಕೆ 13.4 ಸೆಂ.ಮೀ. ಪಟ್ಟಿ ನುಡಿಯುವಾಗ ಅಲ್ಲಿ ಅಲುಗುವುದಿಲ್ಲ. ಪರೀಕ್ಷೆ ಮಾಡಬೇಕೇ? ಪಟ್ಟಿಯನ್ನು ಸ್ಪಂಜಿನ ತುಂಡುಗಳ ಮೇಲಿಟ್ಟು, ಉಪ್ಪು ಉದುರಿಸಿ, ನಡುವೆ ಮೆಲ್ಲಗೆ ತಟ್ಟುತ್ತಾ ಹೋಗಿ. ಉಪ್ಪು ಕುಣಿಯುತ್ತಾ ಬಂದು ಅವೆರಡು ಗೆರೆಗಳಲ್ಲಿ ಸೇರುತ್ತದೆ.

ತೂಗು ಕೊಳವೆಗೂ ಇದೇ ಲೆಕ್ಕ. ಪಕ್ಕಕ್ಕೆ ಹೊಡೆದಾಗ ಸ್ವರ ಕೊಡುವುದು ಒಳಗಿನ ಗಾಳಿಯಲ್ಲ, ಬಾಗುವ ಕೊಳವೆಯೇ. ದಾರಕ್ಕೆ ತೂತು ಕೊರೆಯುವುದೂ ಅದೇ 22.4%ರಲ್ಲಿ.