ವರ್ಸೇಲ್ಸ್ ಅರಮನೆ: ಇಷ್ಟೊಂದು ವೈಭವ ಯಾಕೆ ಬೇಕಿತ್ತು?

ವರ್ಸೇಲ್ಸ್ ಎಂದರೆ ಕನ್ನಡಿ, ಚಿನ್ನದ ಲೇಪ, ಕಾರಂಜಿ ಎಂದು ಬರೆದುಕೊಂಡು ನಾವು ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ಈ ವೈಭವ ರಾಜನಿಗೆ ಯಾಕೆ ಬೇಕಿತ್ತು ಎಂಬ ಪ್ರಶ್ನೆ ಹಿಡಿದು ಓದಿದರೆ ಪಾಠ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ.

1623ರಲ್ಲಿ ಫ್ರಾನ್ಸಿನ ರಾಜ 13ನೇ ಲೂಯಿ ಪ್ಯಾರಿಸ್ಸಿನ ಹೊರಗೆ ಬೇಟೆಗೆಂದು ಇಲ್ಲೊಂದು ಚಿಕ್ಕ ಬಂಗಲೆ ಕಟ್ಟಿಸಿದ. ಅವನ ಮಗ 14ನೇ ಲೂಯಿ ಇನ್ನೂ ಬಾಲಕನಾಗಿದ್ದಾಗ ಫ್ರೋಂಡ್ ದಂಗೆ (1648–53) ನಡೆಯಿತು. ದೊಡ್ಡ ದೊಡ್ಡ ಪ್ರಭುಗಳೇ ತಿರುಗಿಬಿದ್ದರು. ಮುಂದೆ, 1682ರ ಮೇ 6ರಂದು, ಅವನು ಆಸ್ಥಾನವನ್ನೂ ಆಡಳಿತವನ್ನೂ ವರ್ಸೇಲ್ಸಿಗೆ ತಂದ. ಪ್ರಭುಗಳು ತಮ್ಮ ಸೀಮೆ ಬಿಟ್ಟು ರಾಜನ ಕಣ್ಣೆದುರಿಗೇ ಇರಬೇಕಾಯಿತು. ಬೆಳಿಗ್ಗೆ ಏಳುವ ರಾಜನಿಗೆ ಅಂಗಿ ನೀಡುವುದಕ್ಕೂ ಅವರೊಳಗೆ ಪೈಪೋಟಿ!

ಕನ್ನಡಿ ಸಭಾಂಗಣವನ್ನು ಮಾತ್ರ ನಿಧಾನವಾಗಿ ಓದಿ. ವಾಸ್ತುಶಿಲ್ಪಿ ಆರ್ದುವ್ಯಾಂ-ಮಾನ್ಸಾರ್, ಕೆಲಸ 1678ರಲ್ಲಿ ಶುರುವಾಗಿ 1684ರಲ್ಲಿ ಮುಗಿಯಿತು. ಉದ್ದ 73 ಮೀಟರ್. ತೋಟದ ಕಡೆ 17 ಕಿಟಕಿ, ಎದುರಿಗೆ 17 ಕಮಾನು, ಅವುಗಳಲ್ಲಿ 357 ಕನ್ನಡಿ. ಆ ಕಾಲದಲ್ಲಿ ಒಳ್ಳೆಯ ಕನ್ನಡಿ ಬೇಕೆಂದರೆ ವೆನಿಸ್‌ನಿಂದಲೇ ತರಿಸಬೇಕು. ಮಂತ್ರಿ ಕೋಲ್ಬೇರ್ ಅಲ್ಲಿನ ಕುಶಲಕರ್ಮಿಗಳನ್ನು ಗುಟ್ಟಾಗಿ ಕರೆಸಿಕೊಂಡು, 1665ರಲ್ಲಿ ಫ್ರಾನ್ಸಿನಲ್ಲೇ ಕನ್ನಡಿ ಕಾರ್ಖಾನೆ ಸ್ಥಾಪಿಸಿದ. ಹಾಗಾಗಿ ಈ ಗೋಡೆ ಫ್ರೆಂಚ್ ಉದ್ಯಮದ ಜಾಹೀರಾತು ಕೂಡ. ನನ್ನ ಲೆಕ್ಕದಲ್ಲಿ, ಇಡೀ ಅರಮನೆಯ ಅರ್ಥ ಬಿಡಿಸಿ ಹೇಳುವ ಜಾಗ ಇದೇ.

ಲ ನೋತ್ರ್ ರೂಪಿಸಿದ ಉದ್ಯಾನಕ್ಕೆ ನೀರಿನದೇ ಚಿಂತೆ. ಸೇನ್ ನದಿಯಲ್ಲಿ 14 ಭಾರಿ ಚಕ್ರಗಳ ಮಾರ್ಲಿ ಯಂತ್ರ ಕೂರಿಸಿ ನೀರೆತ್ತಿದರೂ ಎಲ್ಲ ಕಾರಂಜಿಗಳಿಗೆ ಒಟ್ಟಿಗೆ ಸಾಲುತ್ತಿರಲಿಲ್ಲ. ರಾಜ ಹತ್ತಿರ ಬಂದಂತೆ ಕೆಲಸಗಾರರು ಸಿಳ್ಳೆ ಹಾಕಿ ಸೂಚನೆ ಕೊಡುತ್ತಿದ್ದರು. ಆ ಕಡೆಯ ಕಾರಂಜಿ ತೆರೆದುಕೊಳ್ಳುತ್ತಿತ್ತು.

ನಮ್ಮ ಮೈಸೂರಿನ ನಂಟೂ ಇದೆ, ಬರೆದಿಟ್ಟುಕೊಳ್ಳಿ. ಬ್ರಿಟಿಷರ ವಿರುದ್ಧ ನೆರವು ಕೇಳಲು ಟಿಪ್ಪು ಸುಲ್ತಾನ್ ಮೂವರು ರಾಯಭಾರಿಗಳನ್ನು ಕಳಿಸಿದ್ದ. 1788ರ ಆಗಸ್ಟ್ 10ರಂದು 16ನೇ ಲೂಯಿ ಅವರನ್ನು ಇದೇ ಅರಮನೆಯಲ್ಲಿ ಬಹಳ ಅದ್ದೂರಿಯಾಗಿ ಬರಮಾಡಿಕೊಂಡ. ಮರ್ಯಾದೆಗೆ ಕೊರತೆ ಇರಲಿಲ್ಲ, ಆದರೆ ಕೇಳಿದ ಸೈನ್ಯ ಸಿಗಲಿಲ್ಲ. ಫ್ರಾನ್ಸಿನ ಬೊಕ್ಕಸ ಆಗಲೇ ಬರಿದಾಗಿತ್ತು. ಮರುವರ್ಷ ಅಕ್ಟೋಬರ್‌ನಲ್ಲಿ ರೊಟ್ಟಿ ಕೇಳಿಕೊಂಡು ಪ್ಯಾರಿಸ್ಸಿನ ಹೆಂಗಸರು ವರ್ಸೇಲ್ಸಿಗೆ ನಡೆದು ಬಂದರು. 6ರಂದು ರಾಜಕುಟುಂಬ ಅವರ ಜೊತೆಗೇ ಪ್ಯಾರಿಸ್ಸಿಗೆ ಹೊರಡಬೇಕಾಯಿತು.