ಪದ ಪರಿಚಯ: ಎಲ್‌ಸ್ಯಾಟ್, ಕಾನೂನೇ ಇಲ್ಲದ ಕಾನೂನು ಪ್ರವೇಶ ಪರೀಕ್ಷೆ

ಕೆನಡಾದಲ್ಲಿ ವಕೀಲಿ ಓದಬೇಕು ಎಂದವರ ಮಾತಿನಲ್ಲಿ ಮೊದಲು ಕಿವಿಗೆ ಬೀಳುವ ಹೆಸರು ಎಲ್‌ಸ್ಯಾಟ್. ಪೂರ್ತಿ ಹೆಸರು ಲಾ ಸ್ಕೂಲ್ ಅಡ್ಮಿಷನ್ ಟೆಸ್ಟ್. ಇದನ್ನು ನಡೆಸುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಚೇರಿ ಇರುವ ಲಾ ಸ್ಕೂಲ್ ಅಡ್ಮಿಷನ್ ಕೌನ್ಸಿಲ್, ಬಾಯಿಮಾತಿನಲ್ಲಿ ಎಲ್‌ಸ್ಯಾಕ್. ಮೊದಲ ಪರೀಕ್ಷೆ ನಡೆದದ್ದು 1948ರಲ್ಲಿ. ಅಮೆರಿಕ, ಕೆನಡಾ ಎರಡಕ್ಕೂ ಇದೇ ಪರೀಕ್ಷೆ. ಹೆಸರಿನಲ್ಲಿ ‘ಲಾ’ ಇದ್ದರೂ ಒಳಗೆ ಕಾನೂನಿನ ಜ್ಞಾನ ಕೇಳುವ ಒಂದು ಪ್ರಶ್ನೆಯೂ ಇಲ್ಲ. ಸಂವಿಧಾನ ಬೇಡ, ಕಲಂ ಬೇಡ, ಸಾಮಾನ್ಯ ಜ್ಞಾನ ಬೇಡ. ಒಂದು ವಾದ ಕೈಗೆ ಕೊಟ್ಟರೆ ಅದು ಎಲ್ಲಿ ಸಡಿಲವಾಗಿದೆ ಎಂದು ನಿಮಗೆ ಕಾಣುತ್ತದೆಯೇ, ಕಷ್ಟದ ಗದ್ಯ ಕೊಟ್ಟರೆ ಬರೆದವರು ಏನು ಹೇಳಿದ್ದಾರೆ, ಏನು ಹೇಳಿಲ್ಲ ಎಂಬುದು ತಿಳಿಯುತ್ತದೆಯೇ, ಇಷ್ಟನ್ನೇ ಅದು ನೋಡುವುದು.

ನಮ್ಮ ಕಡೆಯವರಿಗೆ ಗೊಂದಲವಾಗುವುದು ಇಲ್ಲಿನ ಕಾನೂನು ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್‌ನ ಲೆಕ್ಕದಲ್ಲಿ ಇದನ್ನು ನೋಡಿದಾಗ. ಪಿಯುಸಿ ಮುಗಿಸಿ ಕ್ಲ್ಯಾಟ್ ಬರೆದು, ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲೋ ಮತ್ತೊಂದು ಕಡೆಯೋ ಐದು ವರ್ಷದ ಪದವಿಗೆ ಸೇರುವುದು ಇಲ್ಲಿನ ದಾರಿ. ಕ್ಲ್ಯಾಟ್‌ನಲ್ಲಿ ಪ್ರಚಲಿತ ವಿದ್ಯಮಾನವಿದೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವೂ ಇದೆ. ಎಲ್‌ಸ್ಯಾಟ್‌ನಲ್ಲಿ ಎರಡೂ ಇಲ್ಲ. ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಟ್ಟರೆ ನಷ್ಟ ನಿಮಗೇ. ಇನ್ನೂ ದೊಡ್ಡ ವ್ಯತ್ಯಾಸವೆಂದರೆ ಕೆನಡಾದ ಕಾಮನ್ ಲಾ, ಅಂದರೆ ಇಂಗ್ಲೆಂಡಿನ ಪರಂಪರೆಯ ಕಾನೂನು ಕಲಿಸುವ ಕಾಲೇಜುಗಳಲ್ಲಿ ಕಾನೂನು ಎರಡನೇ ಪದವಿ. ಮೊದಲು ಯಾವುದಾದರೂ ವಿಷಯದಲ್ಲಿ, ಹೆಚ್ಚಿನ ಕಡೆ ಕನಿಷ್ಠ ಮೂರು ವರ್ಷದ, ಪದವಿ ಓದು ಆಗಿರಬೇಕು. ಸೇರುವವರಲ್ಲಿ ಹೆಚ್ಚಿನವರು ನಾಲ್ಕು ವರ್ಷ ಮುಗಿಸಿಯೇ ಬಂದಿರುತ್ತಾರೆ. ಆಮೇಲೆ ಮೂರು ವರ್ಷದ ಜೆಡಿ (ಜ್ಯೂರಿಸ್ ಡಾಕ್ಟರ್) ಎಂಬ ಕಾನೂನು ಪದವಿ. ಹಿಂದೆ ಅಲ್ಲೂ ಎಲ್‌ಎಲ್‌ಬಿ ಎಂದೇ ಕರೆಯುತ್ತಿದ್ದರು. ಟೊರೊಂಟೊ ವಿಶ್ವವಿದ್ಯಾಲಯ 2001ರಲ್ಲಿ ಹೆಸರು ಬದಲಿಸಿತು, ಉಳಿದವು ಒಂದೊಂದಾಗಿ ಹಿಂದೆ ಬಂದವು. ಇನ್ನು ‘ಎಲ್‌ಸ್ಯಾಟ್ ಇಂಡಿಯಾ’ ಎಂದು ಕೆಲವು ವರ್ಷ ಇಲ್ಲಿ ನಡೆಯುತ್ತಿದ್ದದ್ದು ಬೇರೆಯೇ ಪರೀಕ್ಷೆ. ಅದರ ಅಂಕ ಹಿಡಿದುಕೊಂಡು ಟೊರೊಂಟೊಕ್ಕೆ ಅರ್ಜಿ ಹಾಕಲಾಗದು.

ಪರೀಕ್ಷೆಯಲ್ಲಿ ನಾಲ್ಕು ಭಾಗ, ಪ್ರತಿಯೊಂದಕ್ಕೂ 35 ನಿಮಿಷ, ಎರಡನೆಯದರ ನಂತರ ಹತ್ತು ನಿಮಿಷ ಬಿಡುವು. ಲಾಜಿಕಲ್ ರೀಸನಿಂಗ್ ಎರಡು, ರೀಡಿಂಗ್ ಕಾಂಪ್ರಹೆನ್ಷನ್ ಒಂದು. ನಾಲ್ಕನೆಯದು ಇವೆರಡರಲ್ಲಿ ಯಾವುದಾದರೂ ಒಂದು ಬಗೆಯದು, ಅದರ ಅಂಕ ಲೆಕ್ಕಕ್ಕಿಲ್ಲ. ಮುಂದಿನ ಪರೀಕ್ಷೆಗಳ ಪ್ರಶ್ನೆಗಳನ್ನು ನಿಮ್ಮ ಮೇಲೆ ಪ್ರಯೋಗಿಸಿ ನೋಡುತ್ತಾರೆ. ಯಾವ ಭಾಗ ಆ ಪ್ರಯೋಗದ್ದು ಎಂದು ಬರೆಯುವಾಗ ಗೊತ್ತಾಗುವುದಿಲ್ಲ, ಊಹಿಸುತ್ತಾ ಕೂರುವುದು ದಂಡ. ಇದಲ್ಲದೆ ಒಂದು ಪ್ರಬಂಧವಿದೆ. ಅದನ್ನು ಬೇರೆ ದಿನ ಮನೆಯಿಂದಲೇ ಬರೆಯಬಹುದು. ಅದಕ್ಕೆ ಅಂಕವಿಲ್ಲ, ಆದರೆ ಬರೆದು ಮುಗಿಸದಿದ್ದರೆ ಮೊದಲ ಸಲದವರಿಗೆ ಉಳಿದ ಅಂಕವೂ ಕೈಗೆ ಬರುವುದಿಲ್ಲ.

ಹಳೆಯ ಪುಸ್ತಕ ಕೊಳ್ಳುವವರಿಗೆ ಒಂದು ಎಚ್ಚರಿಕೆ. 2024ರ ಆಗಸ್ಟ್‌ಗೆ ಮುಂಚೆ ‘ಲಾಜಿಕ್ ಗೇಮ್ಸ್’ ಎಂಬ ಇನ್ನೊಂದು ಭಾಗವಿತ್ತು. ಏಳು ಜನ ಯಾವ ಕ್ರಮದಲ್ಲಿ ಕೂರಬೇಕು, ಯಾರ ಪಕ್ಕ ಯಾರು ಇರಬಾರದು ಎಂಬಂಥ ಒಗಟುಗಳು. ಬಿಡಿಸಲು ಚಿತ್ರ ಬರೆದುಕೊಳ್ಳಬೇಕು, ದೃಷ್ಟಿದೋಷ ಇರುವವರಿಗೆ ಇದು ಅನ್ಯಾಯ ಎಂದು ಮೊಕದ್ದಮೆಯಾಗಿ, 2019ರ ರಾಜಿಯಲ್ಲಿ ಎಲ್‌ಸ್ಯಾಕ್ ಆ ಭಾಗವನ್ನು ಮರುಪರಿಶೀಲಿಸಲು ಒಪ್ಪಿತು, ಕೊನೆಗೆ ಕೈಬಿಟ್ಟಿತು. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯೇ ಕೋರ್ಟು ಮೆಟ್ಟಿಲೇರಿ ಬದಲಾದ ಪ್ರಸಂಗ ಇದು. ಅಗ್ಗಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಗೈಡುಗಳಲ್ಲಿ ಮೂರನೇ ಒಂದು ಭಾಗ ಇನ್ನೂ ಈ ಒಗಟುಗಳೇ ತುಂಬಿರುವುದುಂಟು.

ಅಂಕದ ಮೂರರಲ್ಲಿ ಎರಡು ಪಾಲು ಈಗ ಲಾಜಿಕಲ್ ರೀಸನಿಂಗ್‌ದೇ ಆದ್ದರಿಂದ ಅದರ ಸ್ವಭಾವ ತಿಳಿದಿರಬೇಕು. ನಾನೇ ಕಟ್ಟಿದ ಒಂದು ಮಾದರಿ ನೋಡಿ:

“ನಮ್ಮ ಊರಿನ ಗ್ರಂಥಾಲಯ ಹೋದ ವರ್ಷದಿಂದ ಭಾನುವಾರವೂ ಬಾಗಿಲು ತೆರೆಯುತ್ತಿದೆ. ಈ ವರ್ಷ ಎರವಲು ಹೋದ ಪುಸ್ತಕಗಳ ಸಂಖ್ಯೆ ಬಹಳ ಹೆಚ್ಚಿದೆ. ಆದ್ದರಿಂದ ಭಾನುವಾರದ ಸೇವೆ ಊರವರಲ್ಲಿ ಓದುವ ಹವ್ಯಾಸ ಬೆಳೆಸಿದೆ.”

ಓದಿದ ಕೂಡಲೇ ಸರಿಯಲ್ಲವೇ ಅನ್ನಿಸುತ್ತದೆ. ಆದರೆ ಇದರಲ್ಲಿ ಎರಡು ಜಿಗಿತಗಳಿವೆ. ಒಂದು, ಬಾಗಿಲು ತೆರೆದದ್ದು ಮೊದಲು, ಎರವಲು ಹೆಚ್ಚಿದ್ದು ಆಮೇಲೆ, ಹಾಗಾಗಿ ಅದೇ ಇದಕ್ಕೆ ಕಾರಣ ಎಂದುಕೊಂಡದ್ದು. ಇನ್ನೊಂದು ಸುಲಭಕ್ಕೆ ಕಣ್ಣಿಗೆ ಬೀಳದು: ಎರವಲು ಒಯ್ದವರೆಲ್ಲ ಓದಿದರು ಎಂದು ಹಿಡಿದದ್ದು. ಮನೆಗೆ ತಂದ ಪುಸ್ತಕ ಮಂಚದ ಪಕ್ಕ ಧೂಳು ತಿನ್ನುವುದು ಯಾರಿಗೆ ಗೊತ್ತಿಲ್ಲ? ಈ ಮೂರು ವಾಕ್ಯಗಳ ಮೇಲೆ ಪರೀಕ್ಷೆ ಹತ್ತು ಬಗೆಯಲ್ಲಿ ಕೇಳಬಲ್ಲದು. ವಾದದ ದೋಷ ಯಾವುದು? ಯಾವ ಮಾಹಿತಿ ಇದನ್ನು ದುರ್ಬಲಗೊಳಿಸುತ್ತದೆ? ಯಾವುದು ಬಲ ಕೊಡುತ್ತದೆ? ಈ ವಾದ ನಿಲ್ಲಲು ಯಾವ ಮಾತು ನಿಜವಾಗಿರಲೇಬೇಕು?

ಕೊನೆಯ ಬಗೆಯ ಪ್ರಶ್ನೆಯಲ್ಲಿ ಒಳ್ಳೊಳ್ಳೆಯವರೂ ಎಡವುತ್ತಾರೆ. ಎರಡು ಆಯ್ಕೆ ಇವೆ ಎಂದುಕೊಳ್ಳಿ. ‘ಭಾನುವಾರ ತೆರೆದ ಗ್ರಂಥಾಲಯಗಳಲ್ಲೆಲ್ಲ ಓದುಗರು ಹೆಚ್ಚುತ್ತಾರೆ’ ಎಂಬುದು ಒಂದು. ‘ಎರವಲು ಹೆಚ್ಚಿದ್ದಕ್ಕೆ ಊರಿಗೆ ಹೊಸದಾಗಿ ಬಂದ ಜನರಷ್ಟೇ ಕಾರಣವಲ್ಲ’ ಎಂಬುದು ಇನ್ನೊಂದು. ಮೊದಲನೆಯದು ಗಟ್ಟಿಯಾಗಿ ಕೇಳಿಸುತ್ತದೆ, ಕೈ ಅತ್ತಲೇ ಹೋಗುತ್ತದೆ. ಆದರೆ ಈ ಊರಿನ ಮಾತು ನಿಜವಾಗಲು ಲೋಕದ ಗ್ರಂಥಾಲಯಗಳೆಲ್ಲ ಹಾಗಿರಬೇಕಿಲ್ಲ. ಎರಡನೆಯದನ್ನು ತಿರುವಿ ನೋಡಿ: ಹೆಚ್ಚಳವೆಲ್ಲ ಹೊಸಬರದೇ ಎಂದಾದರೆ ವಾದ ಅಲ್ಲೇ ಕುಸಿಯುತ್ತದೆ. ಹಾಗಾದರೆ ವಾದಕ್ಕೆ ಬೇಕೇ ಬೇಕಾದದ್ದು ಅದೇ. ಹೀಗೆ ಆಯ್ಕೆಯನ್ನು ನಿರಾಕರಿಸಿ ವಾದ ಬೀಳುತ್ತದೆಯೇ ಎಂದು ನೋಡುವುದಕ್ಕೆ ತಯಾರಿ ಮಾಡುವವರು ನೆಗೇಷನ್ ಟೆಸ್ಟ್ ಅನ್ನುತ್ತಾರೆ. ಇರಲೇಬೇಕಾದದ್ದು ಬೇರೆ, ಇದ್ದರೆ ಸಾಕಾಗುವುದು ಬೇರೆ. ಲೈಸೆನ್ಸ್ ಇಲ್ಲದೆ ವಕೀಲಿ ಮಾಡುವಂತಿಲ್ಲ ಎಂದರೆ ಲೈಸೆನ್ಸ್ ಇದ್ದವರೆಲ್ಲ ವಕೀಲಿ ಮಾಡುತ್ತಿದ್ದಾರೆ ಎಂದಲ್ಲವಲ್ಲ. ಈ ಒಂದು ಭೇದ ಕೈವಶವಾದರೆ ಅರ್ಧ ಪರೀಕ್ಷೆ ಗೆದ್ದ ಹಾಗೆಯೇ ಎಂಬುದು ನನ್ನ ಅಭಿಪ್ರಾಯ.

ಹಾಗಾಗಿ ತಯಾರಿಯೂ ನಮಗೆ ಅಭ್ಯಾಸವಿರುವ ಬಗೆಯದಲ್ಲ. ಉರುಹೊಡೆಯಲು ಇದರಲ್ಲಿ ಏನೂ ಇಲ್ಲ. ಇದು ಈಜು ಕಲಿತ ಹಾಗೆ, ನೀರಿಗಿಳಿಯದೆ ಬರುವುದಿಲ್ಲ. ಎಲ್‌ಸ್ಯಾಕ್‌ನ ಲಾಹಬ್ ತಾಣದಲ್ಲಿ ಹಿಂದಿನ ಅಸಲಿ ಪ್ರಶ್ನೆಪತ್ರಿಕೆಗಳಿವೆ. ಕೆಲವು ಉಚಿತ, ಉಳಿದವಕ್ಕೆ ವರ್ಷದ ಚಂದಾ. ಕೋಚಿಂಗ್‌ಗೆ ಸಾವಿರಾರು ಡಾಲರ್ ಸುರಿಯುವ ಮೊದಲು ಇವನ್ನು ಮುಟ್ಟಿ ನೋಡುವುದು ಜಾಣತನ, ಯಾಕೆಂದರೆ ಕೋಚಿಂಗಿನವರು ಅರೆಯುವುದೂ ಇದೇ ಪತ್ರಿಕೆಗಳನ್ನು. ಮೊದಲು ಗಡಿಯಾರ ನೋಡದೆ ಬಿಡಿಸಬೇಕು. ತಪ್ಪಿದ ಪ್ರತಿ ಪ್ರಶ್ನೆಗೂ ಆ ತಪ್ಪು ಆಯ್ಕೆ ನನ್ನನ್ನು ಯಾಕೆ ಸೆಳೆಯಿತು, ಸರಿಯುತ್ತರವನ್ನು ಯಾಕೆ ತಳ್ಳಿಹಾಕಿದೆ ಎಂದು ಒಂದೆರಡು ಸಾಲು ಬರೆದಿಡಬೇಕು. ನೋಟ್‌ಬುಕ್ಕಿನಲ್ಲಿ ಕೆಲವೇ ದಿನಕ್ಕೆ ಒಂದೇ ತಪ್ಪು ಮತ್ತೆ ಮತ್ತೆ ಬರುವುದು ಕಾಣುತ್ತದೆ. ಸಮಯದ ಒತ್ತಡ ಆಮೇಲಿನ ಮಾತು. ದಿನಕ್ಕೊಂದು ಪೂರ್ತಿ ಪತ್ರಿಕೆ ಬರೆದು ಅಂಕ ಮಾತ್ರ ನೋಡಿಕೊಳ್ಳುವವರು ಪತ್ರಿಕೆ ಖರ್ಚು ಮಾಡುತ್ತಾರೆಯೇ ಹೊರತು ಮೇಲೇರುವುದಿಲ್ಲ. ರೀಡಿಂಗ್ ಭಾಗಕ್ಕೆ ಅಡ್ಡದಾರಿಯೇ ಇಲ್ಲ: ವಿಜ್ಞಾನ, ಕಲೆ, ಕಾನೂನು, ಸಮಾಜಶಾಸ್ತ್ರ ಯಾವುದಾದರೂ ಬರಬಹುದು, ಇಂಗ್ಲಿಷಿನಲ್ಲಿ ದಟ್ಟವಾದ ಗದ್ಯ ಓದುವ ರೂಢಿ ತಿಂಗಳುಗಟ್ಟಲೆ ಬೇಕು.

ಅಂಕ 120ರಿಂದ 180ರವರೆಗೆ. ಶೂನ್ಯ ಯಾರಿಗೂ ಬರುವುದಿಲ್ಲ ಎಂಬುದೊಂದು ಸಮಾಧಾನ. ನಡುವಿನವರು 150ರ ಆಸುಪಾಸಿನಲ್ಲಿರುತ್ತಾರೆ. ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಸೇರಿದವರ ಮಧ್ಯಾಂಕ 160ರ ದಶಕದ ಮೇಲ್ಭಾಗದಲ್ಲಿರುತ್ತದೆ. ಐದು ವರ್ಷದಲ್ಲಿ ಐದು ಸಲ, ಜೀವಮಾನದಲ್ಲಿ ಏಳು ಸಲ ಬರೆಯಬಹುದು. ಹಲವು ಕೆನಡಾ ಕಾಲೇಜುಗಳು ಅತಿ ಹೆಚ್ಚಿನ ಅಂಕವನ್ನೇ ಗಣಿಸುವುದರಿಂದ ಎರಡನೇ ಸಲ ಬರೆಯುವುದರಲ್ಲಿ ನಾಚಿಕೆಪಡುವಂಥದ್ದಿಲ್ಲ.

ಆದರೆ ಎಲ್‌ಸ್ಯಾಟ್ ಒಂದರಿಂದಲೇ ಸೀಟು ಸಿಗದು. ಅದರಷ್ಟೇ, ಕೆಲವು ಕಡೆ ಅದಕ್ಕಿಂತ ಹೆಚ್ಚು ತೂಕ ಪದವಿಯ ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ. ಎಲ್‌ಸ್ಯಾಟ್ ಮತ್ತೆ ಬರೆಯಬಹುದು, ಎರಡನೇ ವರ್ಷದ ಕೆಮಿಸ್ಟ್ರಿಯಲ್ಲಿ ಬಂದ ಸಿ ಗ್ರೇಡು ಅಲ್ಲೇ ಕೂತಿರುತ್ತದೆ. ಕಾಲೇಜುಗಳು ಈ ಜಿಪಿಎಯನ್ನು ನೋಡುವ ರೀತಿಯೂ ಬೇರೆ ಬೇರೆ: ಟೊರೊಂಟೊ ಅತ್ಯುತ್ತಮ ಮೂರು ವರ್ಷಗಳನ್ನು ನೋಡುತ್ತದೆ, ವೆಸ್ಟರ್ನ್ ವಿಶ್ವವಿದ್ಯಾಲಯ ಕೊನೆಯ ಎರಡು ವರ್ಷಗಳಿಗೆ ಒತ್ತು ಕೊಡುತ್ತದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಪದವಿ ಮಾಡಿದವರು ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಕಾಲೇಜುಗಳಿಗೆ ಅರ್ಜಿ ಹಾಕುವುದಾದರೆ ಅಂಕಪಟ್ಟಿಯನ್ನು ವೆಸ್ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ವಿಶ್ವವಿದ್ಯಾಲಯದಿಂದ ಮೊಹರು ಹಾಕಿದ ಲಕೋಟೆ ಹೊರಡಲು ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಅದಕ್ಕಾಗಿ ಅಲೆದವರೇ ಹೇಳಬೇಕು, ಬೇಗ ಶುರುಮಾಡಿ.

ಒಂಟಾರಿಯೊದ ಎಂಟು ಕಾನೂನು ಶಾಲೆಗಳಿಗೂ ಅರ್ಜಿ ಹಾಕಲು ಒಂದೇ ಕಿಂಡಿ, ಹೆಸರು ಓಲ್ಸಾಸ್. ಗ್ವೆಲ್ಫ್ ಊರಿನಿಂದ ನಡೆಯುತ್ತದೆ. ಮೊದಲ ವರ್ಷಕ್ಕೆ ಕೊನೆಯ ದಿನ ಸಾಮಾನ್ಯವಾಗಿ ನವೆಂಬರ್ 1, ಅಂದರೆ ಮುಂದಿನ ಸೆಪ್ಟೆಂಬರ್‌ನ ತರಗತಿಗೆ ಹತ್ತು ತಿಂಗಳು ಮುಂಚೆ. ಬೇಸಿಗೆಯಲ್ಲಿ ಒಮ್ಮೆ ಎಲ್‌ಸ್ಯಾಟ್ ಬರೆದು, ಸಾಲದಿದ್ದರೆ ಶರತ್ಕಾಲದಲ್ಲಿ ಇನ್ನೊಮ್ಮೆ ಬರೆಯುವ ಹಾಗೆ ಯೋಜಿಸಿಕೊಂಡರೆ ನೆಮ್ಮದಿ. ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ, ಡಲ್‌ಹೌಸಿ ಮುಂತಾದವಕ್ಕೆ ನೇರವಾಗಿ ಆಯಾ ಕಾಲೇಜಿಗೇ ಅರ್ಜಿ. ನಿಮ್ಮ ಬಗ್ಗೆ ನೀವೇ ಬರೆಯುವ ಪರ್ಸನಲ್ ಸ್ಟೇಟ್‌ಮೆಂಟ್ ಹೆಚ್ಚಿನ ಕಡೆ ಕೇಳುತ್ತಾರೆ. ‘ಚಿಕ್ಕಂದಿನಿಂದಲೂ ನ್ಯಾಯದ ಬಗ್ಗೆ ತುಡಿತ’ ಎಂದು ಶುರುವಾಗುವ ಪತ್ರಗಳನ್ನು ಓದಿ ಓದಿ ಆ ಸಮಿತಿಯವರು ಸುಸ್ತಾಗಿರಬೇಕು. ಬಾಡಿಗೆ ತಕರಾರಿನಲ್ಲಿ ಅಪ್ಪನಿಗಾಗಿ ಅರ್ಜಿ ತುಂಬಿಕೊಟ್ಟ ಅನುಭವ ಇದ್ದರೆ ಅದನ್ನೇ ಬರೆಯಿರಿ. ಅಧ್ಯಾಪಕರ ಶಿಫಾರಸು ಪತ್ರವನ್ನು ಅಕ್ಟೋಬರ್ ಕೊನೆಯಲ್ಲಿ ಕೇಳಬೇಡಿ.

ಎಲ್‌ಸ್ಯಾಟ್ ಬೇಡದ ಕಡೆಗಳೂ ಇವೆ. ಮಾಂಟ್ರಿಯಲ್‌ನ ಮೆಕ್‌ಗಿಲ್ ಅದನ್ನು ಕಡ್ಡಾಯ ಮಾಡಿಲ್ಲ, ಬರೆದಿದ್ದರೆ ನೋಡುತ್ತದೆ. ಕ್ವಿಬೆಕ್‌ನ ಫ್ರೆಂಚ್ ವಿಶ್ವವಿದ್ಯಾಲಯಗಳು ಕಲಿಸುವುದು ಸಿವಿಲ್ ಲಾ, ಅಂದರೆ ಫ್ರಾನ್ಸಿನ ಪರಂಪರೆಯ ಕಾನೂನು, ಅಲ್ಲಿ ಈ ಪರೀಕ್ಷೆಯ ಪ್ರಶ್ನೆಯೇ ಬರುವುದಿಲ್ಲ. ಆ ಪ್ರಾಂತ್ಯದಲ್ಲಿ ಸೆಜೆಪ್, ಅಂದರೆ ನಮ್ಮ ಪಿಯುಸಿಯಂಥ ಪದವಿಪೂರ್ವ ಕಾಲೇಜು, ಮುಗಿಸಿದವರು ಬೇರೆ ಪದವಿಯಿಲ್ಲದೆ ನೇರವಾಗಿ ಕಾನೂನಿಗೆ ಸೇರುವುದೂ ಉಂಟು.

ಕರ್ನಾಟಕದಿಂದ ವಲಸೆ ಹೋಗುವ ವಕೀಲರಿಗೆ ಮುಖ್ಯವಾದದ್ದು ಇನ್ನೊಂದು ದಾರಿ. ಇಲ್ಲೇ ಎಲ್‌ಎಲ್‌ಬಿ ಮಾಡಿದವರು ಕೆನಡಾದಲ್ಲಿ ಪ್ರಾಕ್ಟೀಸ್ ಮಾಡಲು ಮತ್ತೆ ಮೊದಲಿನಿಂದ ಜೆಡಿ ಓದಬೇಕಿಲ್ಲ, ಎಲ್‌ಸ್ಯಾಟ್ ಬರೆಯಬೇಕೆಂದೂ ಇಲ್ಲ. ಎನ್‌ಸಿಎ ಎಂಬ ರಾಷ್ಟ್ರೀಯ ಸಮಿತಿ ಅವರ ಅಂಕಪಟ್ಟಿ ನೋಡಿ ಕೆನಡಾದ ಸಂವಿಧಾನ, ಆಡಳಿತ ಕಾನೂನು, ಕ್ರಿಮಿನಲ್ ಕಾನೂನು, ವೃತ್ತಿಧರ್ಮ ಇಂಥ ಯಾವ ಯಾವ ವಿಷಯಗಳಲ್ಲಿ ಪರೀಕ್ಷೆ ಬರೆಯಬೇಕೆಂದು ಹೇಳುತ್ತದೆ. ಅವನ್ನು ಮುಗಿಸಿದರೆ ಅರ್ಹತಾಪತ್ರ. ಆಮೇಲೆ ವಕೀಲರಿಗೆ ಲೈಸೆನ್ಸ್ ಕೊಡುವ ಪ್ರಾಂತ್ಯದ ಲಾ ಸೊಸೈಟಿ ಕೇಳುವ ಬಾರ್ ಪರೀಕ್ಷೆ, ಆರ್ಟಿಕ್ಲಿಂಗ್ (ವಕೀಲರ ಕೈಕೆಳಗೆ ಕಲಿಯುವುದು) ಅಥವಾ ಅದಕ್ಕೆ ಬದಲಿ ತರಬೇತಿ. ಹತ್ತು ವರ್ಷ ಹೈಕೋರ್ಟಿನಲ್ಲಿ ವಾದ ಮಾಡಿದವರಿಗೆ ಯಾರಾದರೂ ಎಲ್‌ಸ್ಯಾಟ್ ಕೋಚಿಂಗ್ ಮಾರಲು ಬಂದರೆ, ಮೊದಲು ಎನ್‌ಸಿಎಗೆ ಅಂಕಪಟ್ಟಿ ಕಳಿಸಿ ಅದರ ಉತ್ತರ ಬರುವ ತನಕ ಹಣ ಬಿಚ್ಚಬೇಡಿ.