ಮಂಡಿಯ ಗಾಯಗಳು: ಡ್ರಾಯರ್ ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು?

ಮಂಡಿಗೆ ಪೆಟ್ಟಾದವರನ್ನು ಮೊದಲು ಕೇಳಬೇಕಾದದ್ದು, ಬಾವು ಎಷ್ಟು ಹೊತ್ತಿಗೆ ಬಂತು ಎಂಬುದನ್ನು. ಓಡುತ್ತಿದ್ದವರು ಥಟ್ಟನೆ ತಿರುಗಿದಾಗ ಒಳಗೆ ಏನೋ ಕಿತ್ತಂತಾಗಿ ಎರಡು ಗಂಟೆಯೊಳಗೆ ಮಂಡಿ ಊದಿದರೆ, ಕೀಲಿನಲ್ಲಿ ರಕ್ತ ತುಂಬಿರುವ ಸಾಧ್ಯತೆ ಹೆಚ್ಚು. ಆಗ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ ಮುಂದಿನ ಅಸ್ಥಿರಜ್ಜು) ಹರಿದಿರುವ ಶಂಕೆ ಮುಂಚೂಣಿಗೆ ಬರುತ್ತದೆ. ಮೆನಿಸ್ಕಸ್ (ಕೀಲಿನ ಮೂಳೆಗಳ ನಡುವಿನ ಮೆತ್ತೆ) ಮಾತ್ರ ಹರಿದಿದ್ದರೆ ಬಾವು ಸಾಮಾನ್ಯವಾಗಿ ಮರುದಿನದ ಹೊತ್ತಿಗೆ ಕಾಣಿಸುತ್ತದೆ. ಪಾದ ತಣ್ಣಗಾಗಿ ನಾಡಿ ಸಿಗದಿದ್ದರೆ ಯಾವ ಪರೀಕ್ಷೆಗೂ ಕಾಯದೆ ತುರ್ತು ಚಿಕಿತ್ಸೆಗೆ ಕಳುಹಿಸಬೇಕು.

ನನಗೆ ಬಹಳ ಕಾಲ ಬಿಡಿಸಲಾಗದೆ ಉಳಿದಿದ್ದ ಗಂಟು ಡ್ರಾಯರ್ ಪರೀಕ್ಷೆಯದು. ಟಿಬಿಯಾ, ಅಂದರೆ ಮಂಡಿಯ ಕೆಳಗಿನ ದೊಡ್ಡ ಮೂಳೆ, ಮುಂದಕ್ಕೆ ಜಾರದಂತೆ ಎಸಿಎಲ್ ತಡೆದರೆ, ಹಿಂದಕ್ಕೆ ಜಾರದಂತೆ ಹಿಂದಿನ ಅಸ್ಥಿರಜ್ಜು ಪಿಸಿಎಲ್ ತಡೆಯುತ್ತದೆ. ಈ ಪರೀಕ್ಷೆಯಲ್ಲಿ ಮಂಡಿಯನ್ನು 90 ಡಿಗ್ರಿ ಮಡಿಸಿ ಟಿಬಿಯಾವನ್ನು ಮುಂದಕ್ಕೆ ಎಳೆದಾಗ ಅದು ಮುಂದೆ ಬಂದರೆ ಎಸಿಎಲ್ ಹರಿದಿದೆ ಎಂದಷ್ಟೇ ನೆನಪಿಟ್ಟುಕೊಂಡರೆ ಸಾಲದು. ಪಿಸಿಎಲ್ ಹರಿದ ಮಂಡಿಯಲ್ಲಿ, ನಾವು ಕೈಯಿಡುವ ಮೊದಲೇ ಟಿಬಿಯಾ ತನ್ನ ಭಾರದಿಂದ ಹಿಂದಕ್ಕೆ ಕುಸಿದಿರುತ್ತದೆ. ಅದನ್ನು ಎಳೆದಾಗ ಮೂಳೆ ಚಲಿಸುವುದು ನಿಜ; ಆದರೆ ಅದು ಸಹಜ ಸ್ಥಾನಕ್ಕೆ ಮರಳುತ್ತಿರುತ್ತದೆಯೇ ಹೊರತು ಸ್ಥಾನ ಬಿಟ್ಟು ಮುಂದೆ ಹೋಗುತ್ತಿರುವುದಿಲ್ಲ. ಎಸಿಎಲ್ ಗಟ್ಟಿಯಾಗಿದ್ದರೂ ಹರಿದಂತೆ ತೋರುವುದು ಇದರಿಂದಲೇ.

ಆದುದರಿಂದ ಎಳೆಯುವ ಮೊದಲು ಎರಡೂ ಮಂಡಿಗಳನ್ನು ಮಡಿಸಿ ಪಕ್ಕದಿಂದ ಹೋಲಿಸಿ ನೋಡಬೇಕು. ಸಹಜ ಮಂಡಿಯ ಒಳಬದಿಯಲ್ಲಿ ಟಿಬಿಯಾದ ಅಂಚು ತೊಡೆಮೂಳೆಯ ತುದಿಗಿಂತ ಸುಮಾರು 1 ಸೆಂ.ಮೀ. ಮುಂದೆ ಬೆರಳಿಗೆ ಸಿಗುತ್ತದೆ. ಆ ಮೆಟ್ಟಿಲು ಮಾಯವಾಗಿದ್ದರೆ ಪಿಸಿಎಲ್ ಅನ್ನು ಶಂಕಿಸಬೇಕು. ಎಸಿಎಲ್‌ಗಾಗಿ 20ರಿಂದ 30 ಡಿಗ್ರಿ ಮಡಿಸಿ ಮಾಡುವ ಲಾಕ್‌ಮನ್ ಪರೀಕ್ಷೆ ಹೆಚ್ಚು ನಂಬಲರ್ಹ, ಏಕೆಂದರೆ 90 ಡಿಗ್ರಿಯಲ್ಲಿ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ನೋವಿನಿಂದ ಬಿಗಿದು ಟಿಬಿಯಾವನ್ನು ಹಿಡಿದಿಡುತ್ತವೆ.

ಮಂಡಿಯ ಒಳಬದಿಯ ಅಸ್ಥಿರಜ್ಜು ಎಂಸಿಎಲ್ ಹರಿದರೆ ಬಹುತೇಕ ಶಸ್ತ್ರಚಿಕಿತ್ಸೆಯಿಲ್ಲದೆ, ಬ್ರೇಸ್ ಮತ್ತು ವ್ಯಾಯಾಮದಿಂದಲೇ ಕೂಡಿಕೊಳ್ಳುತ್ತದೆ. ಮೆನಿಸ್ಕಸ್ ತುಂಡು ಸಿಕ್ಕಿಕೊಂಡು ಕಾಲು ನೀಡಲಾಗದಿದ್ದರೆ ತಜ್ಞರಿಗೆ ಬೇಗ ತೋರಿಸಬೇಕು. ಪೂರ್ತಿ ಹರಿದ ಎಸಿಎಲ್ ತಾನಾಗಿ ಸರಿಯಾಗಿ ಕೂಡುವುದು ಕಡಿಮೆ. ಮರುಜೋಡಣೆ ಬೇಕೇ ಎಂಬುದು ಮಂಡಿ ಎಷ್ಟು ಕೈಕೊಡುತ್ತದೆ, ಆ ವ್ಯಕ್ತಿ ಯಾವ ಆಟಕ್ಕೆ ಮರಳಬೇಕು ಎಂಬುದರ ಮೇಲೆ ನಿಂತಿದೆ. ಶಸ್ತ್ರಚಿಕಿತ್ಸೆಯಾದರೆ ತಿರುಗಿ ಓಡುವ ಆಟಗಳಿಗೆ ಕನಿಷ್ಠ 9 ತಿಂಗಳು ಕಾಯುವುದು ಕ್ಷೇಮ.

ಎಸಿಎಲ್, ಪಿಸಿಎಲ್‌ಗಳನ್ನು ಅದಲುಬದಲು ಮಾಡಿಕೊಂಡರೆ ವ್ಯಾಯಾಮವೂ ತಪ್ಪುತ್ತದೆ. ಹ್ಯಾಮ್‌ಸ್ಟ್ರಿಂಗ್ ಟಿಬಿಯಾವನ್ನು ಹಿಂದಕ್ಕೆ ಎಳೆಯುವುದರಿಂದ ಎಸಿಎಲ್‌ಗೆ ಆಸರೆ. ಪಿಸಿಎಲ್ ಹರಿದ ಆರಂಭದ ವಾರಗಳಲ್ಲಿ ಅದೇ ಎಳೆತ ಗಾಯವನ್ನು ಹಿಗ್ಗಿಸುವುದರಿಂದ, ಆಗ ತೊಡೆಯ ಮುಂಭಾಗದ ಸ್ನಾಯುವನ್ನು ಮೊದಲು ಬಲಪಡಿಸುತ್ತಾರೆ.